ಹಸಿರು ನಿಶಾನಿ

“ಗಾರ್ಡ್ ಕಾಕಾ ಇದ್ದದ್ದಕ್ಕ ನಮ್ಮ ಓಣ್ಯಾಗ ಒಂದ ಕಳವು ಆಗ್ಲಿಲ್ಲ ನೋಡ್ರಿ.”

ಕಾಕಾ ತೀರಿಹೋದ ದಿನದಿಂದ ಈ ಮಾತನ್ನು ಎಷ್ಟು ಬಾಯಿಗಳಲ್ಲಿ ಕೇಳಿದೆನೋ. ಹೆಣದ ಮುಂದೆ ಕೇಳಿದೆ, ಮಣ್ಣು ಕೊಟ್ಟು ಬರುವಾಗ ಕೇಳಿದೆ, ದಿವಸದ ಊಟದ ಪಂಕ್ತಿಯಲ್ಲಿ ಹುಗ್ಗಿ ಬಡಿಸುವವರ ಬಾಯಲ್ಲೂ ಕೇಳಿದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಿಗೆ ಒಂದು ಕೆಟ್ಟ ಚಟವಿರುತ್ತದೆ. ‘ಇದರಿಂದ ಹಾಗಾಯಿತು’ ಎಂದು ಯಾರಾದರೂ ಅಂದರೆ ಸಾಕು, ‘ಇದಿಲ್ಲದಾಗ ಹೇಗಿತ್ತು’ ಎಂದು ಕೇಳದೆ ಇರಲಾರ. ಕಾಕಾ ಗಸ್ತು ಶುರು ಮಾಡುವ ಮೊದಲು ನಮ್ಮ ಓಣಿಯಲ್ಲಿ ಯಾವ ಕಳವು ಆಗಿತ್ತು? ಯಾವುದೂ ಇಲ್ಲ. ಹಾಗಾದರೆ ಆತ ನಿಲ್ಲಿಸಿದ್ದು ಏನನ್ನು? ಹರದಾರಿಗಟ್ಟಲೆ ದೂರದ ಕೊರ್ಲಹಳ್ಳಿಯ ಹೊಳೆ ಗದಗಿಗೆ ನುಗ್ಗದೆ ಇರುವುದು ನಮ್ಮ ಮನೆಯ ಹೊಸ್ತಿಲು ಎತ್ತರವಾಗಿರುವುದರಿಂದ ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ಇದಕ್ಕೆ ಮಾತ್ರ ಕಣ್ಣೊರೆಸಿಕೊಳ್ಳುತ್ತೇವೆ.

ಆತ ಸುಳ್ಳನೆಂದು ಹೇಳಲು ನಾನು ಕೂತಿಲ್ಲ. ಸುಳ್ಳನಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಗದಗ ಸ್ಟೇಶನ್ನಿನಿಂದ ಬೆಟಗೇರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಓಣಿ. ಓಣಿಯ ಬಾಯಲ್ಲಿರುವ ಮೊದಲ ಮನೆ ಆತನದು, ಎದುರಿಗೆ ನಮ್ಮದು. ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆ ಹೋಗುವ ಗೂಡ್ಸ್ ಗಾಡಿಗಳಿಗೆ ಗಾರ್ಡ್ ಆಗಿದ್ದು ನಿವೃತ್ತನಾದವ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹೆಂಡತಿ ಕಾಕು ಸಹ ‘ನಮ್ಮ ಗಾರ್ಡರು’ ಅನ್ನುತ್ತಿದ್ದಳು. ನೌಕರಿ ಮುಗಿದರೂ ಕರಿಯ ಕೋಟು ಮೈಮೇಲಿಂದ ಇಳಿಯಲಿಲ್ಲ. ಹಿತ್ತಾಳೆಯ ಗುಂಡಿಗಳನ್ನು ಮಾತ್ರ ತಾನೇ ಬಿಚ್ಚಿ ಆಫೀಸಿಗೆ ಒಪ್ಪಿಸಿ ಬಂದಿದ್ದ. “ಗುಂಡಿ ಸರಕಾರದ್ದು, ಕೋಟು ನಂದು” ಎಂಬುದು ಆತನ ಲೆಕ್ಕ. ಅವಿದ್ದ ಜಾಗದಲ್ಲಿ ಕಾಕು ಅಂಗಿಯ ಬಿಳಿ ಗುಂಡಿ ಹೊಲಿದಿದ್ದಳು. ಕರಿಯ ಕೋಟಿನ ಮೇಲೆ ಆ ಬಿಳಿ ಗುಂಡಿಗಳು ನಗುವಾಗ ಕಾಣುವ ಹಲ್ಲಿನ ಹಾಗೆ ಕಾಣುತ್ತಿದ್ದವು.

ಗಾರ್ಡಿನ ಡಬ್ಬಿ ಗಾಡಿಯ ಬಾಲಕ್ಕೆ. ಎಷ್ಟೋ ವರ್ಷ ದಾಟಿದ ದಾರಿಯನ್ನೇ ನೋಡುತ್ತ ಕೂತವನಿಗೆ ಓಣಿಯಲ್ಲಿ ನಡೆಯುವಾಗಲೂ ನಡುನಡುವೆ ಹಿಂದಿರುಗಿ ನೋಡುವ ರೂಢಿ. “ಮುಂದಿನ ಗಟಾರ ಕಾಣಂಗಿಲ್ಲ, ಹಿಂದಿನ ಊರ ಕಾಯತಾರ ನಮ್ಮ ಗಾರ್ಡರು” ಎಂದು ಕಾಕು ನಗುತ್ತಿದ್ದಳು. ಏನೇ ಒಳ್ಳೆಯದಾದರೂ ಆತನ ಬಾಯಲ್ಲಿ ಒಂದೇ ಮಾತು: “ಲೈನ್ ಕ್ಲಿಯರ್!” ಊಟ ಮುಗಿಸಿ ಹೊಟ್ಟೆ ಸವರಿಕೊಳ್ಳುವಾಗ ಲೈನ್ ಕ್ಲಿಯರ್. ಓಣಿಯಲ್ಲಿ ಯಾರಾದರೂ ಸುಸೂತ್ರ ಹಡೆದರೆ ಲೈನ್ ಕ್ಲಿಯರ್. ಬಾವಿಕಟ್ಟೆಯ ಹೆಂಗಸರ ಜಗಳ ತಣ್ಣಗಾದರೂ ಲೈನ್ ಕ್ಲಿಯರ್.

ಹಳೆಯವಾದ ಹಸಿರು, ಕೆಂಪು ನಿಶಾನಿ ಬಾವುಟಗಳನ್ನು ರೈಲ್ವೆಯವರು ಆತನಿಗೇ ಬಿಟ್ಟಿದ್ದರು. ಅವನ್ನು ಕೋಲಿಗೆ ಬಿಗಿಯಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಕಟ್ಟೆಗೆ ಬರುತ್ತಿದ್ದ. ನಾನು ವಾದ ಮಾಡುವುದನ್ನು ಕಲಿತದ್ದು ಅವುಗಳ ಮುಂದೆ. ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟ ದಿನ ಕಾಕಾ ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿ, “ಹೂಂ, ಗಾಡಿ ಬಿಡೋ ವಕೀಲಾ” ಎಂದ. ನನ್ನ ಮಾತು ಕೂಡಿ ಬಂದರೆ ಹಸಿರು ಬೀಸುತ್ತಿದ್ದ. ಎಲ್ಲಿ ಜಾರಿಸಿದೆನೋ ಅಲ್ಲಿ ಕೆಂಪು ನಿಶಾನಿ ಸರ್ರನೆ ಮೂಗಿನ ಮುಂದೆ ಬರುತ್ತಿತ್ತು. “ನಿಲ್ಲಸು. ಈಗ ಹೇಳಿದ್ದಕ್ಕ ಮೊದಲ ಹೇಳಿದ್ದಕ್ಕ ಸಂಬಂಧ ಏನು? ನಡುವ ಹಳಿ ಎಲ್ಲೈತಿ?” ಅಷ್ಟು ಒಳ್ಳೆಯ ಗುರು ನನಗೆ ಮುಂದೆ ಧಾರವಾಡದ ಕಾಲೇಜಿನಲ್ಲೂ ಸಿಗಲಿಲ್ಲ.

ಗಸ್ತು ಶುರುವಾದದ್ದು ನಿಜಾಮನ ಸೀಮೆಯ ಜನ ಗಂಟುಮೂಟೆ ಹೊತ್ತು, ಗಡಿ ದಾಟಿ, ಮುಂಡರಗಿ ಹಾದು ಗದಗಿಗೆ ಬಂದ ವರ್ಷ. ಗಡಿಯ ಈ ಕಡೆಗೆ ಸ್ವಾತಂತ್ರ್ಯ ಬಂದಿತ್ತು, ಆ ಕಡೆಗೆ ಇನ್ನೂ ಬಂದಿರಲಿಲ್ಲ. ಗಡಿಯ ಊರುಗಳಲ್ಲಿ ಅಂಜಿಕೆಗೆ ಕಾರಣವಿತ್ತು. ಅದನ್ನು ಅಲ್ಲಗಳೆಯುವಷ್ಟು ವಾದದ ಹುಚ್ಚು ನನಗಿಲ್ಲ. ಆದರೆ ಗಡಿ ಎಲ್ಲಿ, ನಮ್ಮ ಓಣಿ ಎಲ್ಲಿ? ನಮ್ಮವರು ಗಡಿಯಾಚೆಯವರಿಗೆ ಅಂಜಿ, ಕಣ್ಣೆದುರಿಗಿದ್ದ ಟಾಂಗಾದ ಇಮಾಮಸಾಬನನ್ನು ಓರೆಗಣ್ಣಿನಿಂದ ನೋಡತೊಡಗಿದರು. ಇಮಾಮಸಾಬನ ಅಜ್ಜ ಹುಟ್ಟಿದ್ದೂ ಇದೇ ಓಣಿಯಲ್ಲಿ. ಕಾಕಾ ಗಸ್ತಿನ ತಂಡ ಕಟ್ಟಿ, ಕಂದೀಲನ್ನು ಅವನ ಕೈಗೇ ಕೊಟ್ಟ: “ಇಮಾಮಾ, ನೀ ಮುಂದ ನಡಿ. ಬೆಳಕು ನಿನ್ನ ಮಾರಿ ಮ್ಯಾಲೆ ಬೀಳಲಿ.”

ಮಂದಿ ನೋಡಿದರು, ತಣ್ಣಗಾದರು. ಈ ಉಪಾಯವನ್ನು ಓಣಿ ಇವತ್ತಿಗೂ ಹೊಗಳುತ್ತದೆ. ಇಮಾಮಸಾಬ ಮಾತ್ರ ಒಮ್ಮೆ ಕುದುರೆಗೆ ಹುಲ್ಲು ಹಾಕುತ್ತ ನನಗೆ ಹೇಳಿದ್ದ: “ಉಳಿದವರೆಲ್ಲಾ ಕಳ್ಳನ್ನ ಹುಡುಕಾಕ ಹೋಗತಿದ್ರು ತಮ್ಮಾ. ನಾ ಒಬ್ಬವ ನನ್ನ ತೋರಸಾಕ ಹೋಗತಿದ್ದೆ.” ಹೇಳಿ ನಕ್ಕ. ನಾನೂ ನಕ್ಕೆ.

ಗಡಿಯಾಚೆಯ ಗದ್ದಲ ಮುಗಿಯಿತು. ಕೋಲು, ಕಂದೀಲು, ಸೀಟಿ ಉಳಿದವು. ಕೈಯಲ್ಲಿ ಕೋಲಿದ್ದವರಿಗೆ ಕಳ್ಳನಿಲ್ಲದೆ ಬೇಸರ ಬರುವ ಹೊತ್ತಿಗೆ ಸೆಟ್ಲಮೆಂಟಿನ ತಂತಿಬೇಲಿ ತೆರೆಯಿತು.

ಸೆಟ್ಲಮೆಂಟ್ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದುಕೊಂಡು ಇಂಗ್ರೇಜಿ ಸರಕಾರ ತಂತಿಯೊಳಗೆ ಇಟ್ಟ ಜಾಗ ಅದು. ಅಲ್ಲಿಯವರು ದಿನವೂ ಹಾಜರಿ ಕೊಡಬೇಕು. ಹೆಸರು ಕೂಗಿದಾಗ ‘ಹಾಜರ್’ ಎನ್ನಬೇಕು, ಅನ್ನದಿದ್ದವ ಎಲ್ಲೋ ಕನ್ನ ಹಾಕಲು ಹೋಗಿದ್ದಾನೆಂದೇ ಅರ್ಥ. ಸ್ವಾತಂತ್ರ್ಯ ಬಂದ ಒಂದೆರಡು ವರ್ಷಕ್ಕೆ ಮುಂಬಯಿ ಸರಕಾರ ಆ ಕಾಯಿದೆಯನ್ನೇ ತೆಗೆದುಹಾಕಿತು. ಒಳಗಿದ್ದವರು ಹೊರಗೆ ಬಂದರು. ಹಾಗೆ ಬಂದವನೊಬ್ಬ, ದುರಗಪ್ಪ, ನಮ್ಮ ಓಣಿಯ ತುದಿಮನೆಯ ಪಡಸಾಲೆಯನ್ನು ಬಾಡಿಗೆಗೆ ಹಿಡಿದ. ತಂತಿಯೊಳಗೇ ಹುಟ್ಟಿ ಅಲ್ಲಿಯೇ ನೇಯಲು ಕಲಿತವ. ಈಗ ಬೆಟಗೇರಿಯಲ್ಲಿ ಒಬ್ಬರ ಮಗ್ಗಕ್ಕೆ ಕೂಡುತ್ತಿದ್ದ. ಹೆಂಡತಿ ಸತ್ತಿದ್ದಳು. ಮಗಳು ಗಂಗವ್ವ ಮನೆಯಲ್ಲಿ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು.

ಓಣಿಗೆ ಜ್ವರ ಬಂತು. ಬಡಿಗೇರನಿಗೆ ಕೈತುಂಬ ಕೆಲಸ. ನಮ್ಮ ಅವ್ವನೂ ಕದಕ್ಕೆ ಎರಡನೇ ಅಗಳಿ ಹಾಕಿಸಿದಳು. ಹಿರಿಯರು ಕಾಕಾನ ಕಟ್ಟೆಗೆ ಬಂದು, “ಅವನ್ನ ಬಿಡಸ್ರಿ, ಇಲ್ಲಾ ನಾವ ಬಿಡಸ್ತೀವಿ” ಎಂದರು. ಕಾಕಾ ದುರಗಪ್ಪನನ್ನು ಕರೆಸಿದ. ಆ ಮಾತುಕತೆಯನ್ನು ನಾನು ನಮ್ಮ ಮನೆಯ ಬಾಗಿಲಲ್ಲೇ ನಿಂತು ಕೇಳಿದ್ದೇನೆ.

“ದುರಗಪ್ಪಾ, ಮುಂಜಾನೆ ಮಗ್ಗಕ್ಕ ಹೋಗೂ ಮುಂದ ನನ್ನ ಕಟ್ಟಿಗೆ ಬಾ. ‘ಹಾಜರ್’ ಅನ್ನು. ಮುಗೀತು. ನಾ ಹಸಿರು ನಿಶಾನಿ ಕಟ್ಟತೀನಿ. ಮಂದಿ ನೋಡತಾರ, ಸಮಾಧಾನ ಆಕ್ಕಾರ.”

“ಸರಕಾರ ಹಾಜರಿ ತಗದೈತಲ್ರಿ ಸಾಹೇಬ್ರ?”

“ಸರಕಾರ ತಗದೈತಿ. ಓಣಿ ತಗದಿಲ್ಲಪಾ.” ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟ. “ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ, ನಿನ್ನ ಪರವಾಗಿ ಸಾಕ್ಷಿ ಹೇಳಾಕ ಒಬ್ಬವ ಬೇಕೋ ಬ್ಯಾಡೋ? ನಾ ಅದೀನಿ.”

ದುರಗಪ್ಪ ತಲೆಯಾಡಿಸಿದ. ಕಾಕಾನ ಮುಖದಲ್ಲಿ ಎರಡು ಗಾಡಿಗಳ ಡಿಕ್ಕಿ ತಪ್ಪಿಸಿದವನ ಸಂತೋಷವಿತ್ತು. ಸಂತೋಷ ಖರೆಯಾದದ್ದೇ. ಓಣಿಯವರು ಅವನ ಸಾಮಾನು ಹೊರಗೆ ಎಸೆಯುವುದು ತಪ್ಪಿತ್ತು.

ಅಂದಿನಿಂದ ನಮ್ಮ ಓಣಿಯ ಬೆಳಗು ಹಾಗೆ ಆಗತೊಡಗಿತು. ದುರಗಪ್ಪ ಬರುತ್ತಾನೆ, ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಕೈಮುಗಿದು ‘ಹಾಜರ್’ ಎನ್ನುತ್ತಾನೆ. ಕಾಕಾ ಕಟ್ಟೆಯ ಕಂಬಕ್ಕೆ ಹಸಿರು ನಿಶಾನಿ ಕಟ್ಟುತ್ತಾನೆ. ಬೆಳಕಿಂಡಿಗಳಲ್ಲಿ ಕಣ್ಣು ಮೂಡುತ್ತವೆ. “ನಿಶಾನಿ ಆತೇನ?” “ಆತು.” ಆಮೇಲೆ ಅಗಳಿಗಳ ಸದ್ದು, ಅಂಗಳಕ್ಕೆ ನೀರು ಚಿಮುಕಿಸುವ ಸದ್ದು. ಊರಲ್ಲೆಲ್ಲ ಕೋಳಿ ಕೂಗಿ ಬೆಳಗಾದರೆ ನಮ್ಮಲ್ಲಿ ಒಬ್ಬ ಮನುಷ್ಯ ತಲೆ ಬಗ್ಗಿಸಿ ಬೆಳಗಾಗುತ್ತಿತ್ತು. ಹಸಿರು ಎಂದರೆ ಮುಂದಿನ ದಾರಿ ಮುಕ್ತವಾಗಿದೆ ಎಂದು ಅರ್ಥ. ಯಾರ ದಾರಿ ಎಂದು ಯಾರೂ ಕೇಳಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಜನ ಕೆಟ್ಟವರಾಗಿರಲಿಲ್ಲ ಎಂಬುದು. ನಮ್ಮ ಅವ್ವ ದಿನಾ ಗಂಗವ್ವನಿಗೆ ಮಜ್ಜಿಗೆ ಕೊಡುತ್ತಿದ್ದಳು. ತಾಯಿಯಿಲ್ಲದ ಹುಡುಗಿ ಎಂದು ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿದ್ದನ್ನೂ ಕಂಡಿದ್ದೇನೆ. ಆದರೆ ಕದ ತೆಗೆಯುವುದು ನಿಶಾನಿ ಕಂಡ ಮೇಲೆಯೇ.

ಧಾರವಾಡದಿಂದ ಕಾಲೇಜಿನ ಸೂಟಿಗೆ ಬಂದಾಗ ನಾನು ಈ ಅಂಜಿಕೆಯ ಬೇರು ಹುಡುಕಿಯೇಬಿಡಬೇಕೆಂದು ಹೊರಟೆ. ಆಗ ಓಣಿಯಲ್ಲಿ ಓಡಾಡುತ್ತಿದ್ದ ಸುದ್ದಿ ಇದು: ಲಕ್ಕುಂಡಿಯಲ್ಲಿ ಕನ್ನ ಹಾಕಿ ತೊಟ್ಟಿಲ ಕೂಸಿನ ಬೆಳ್ಳಿ ಉಡುದಾರ ಬಿಚ್ಚಿಕೊಂಡು ಹೋದರಂತೆ. ಲಕ್ಕುಂಡಿಗೆ ಹೋಗಿ ಕೇಳಿದೆ. “ನಮ್ಮೂರಾಗ ಅಲ್ರಿ, ಹಿರೇಹಂದಿಗೋಳದಾಗಂತ” ಎಂದರು. ಹಿರೇಹಂದಿಗೋಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿದಳು.

“ಇಲ್ಲೆಲ್ಲಿ ಕಳವು ಯಪ್ಪಾ? ಅದು ನಿಮ್ಮ ಗದಗಿನಾಗ. ಸ್ಟೇಶನ್ ಕಡೆ ಒಂದ ಓಣಿ ಐತಂತಲ್ಲ? ಅಲ್ಲಿ ದಿನಾ ಹಸಿರು ನಿಶಾನಿ ಏರೂತನಕ ಒಬ್ಬರೂ ಕದಾ ತಗ್ಯಂಗಿಲ್ಲಂತ. ಅಷ್ಟ ಕಳ್ಳರಂತ! ಆ ಕಡೆ ಹೋಗಬ್ಯಾಡ, ಕೂಸಿದ್ದಂಗ ಅದಿ.”

ನಗು ತಡೆಯದೆ ಬಸ್ಸು ಹತ್ತಿದೆ. ಬರುತ್ತ ಪೊಲೀಸ್ ಠಾಣೆಗೂ ಹೋಗಿ ಕೇಳಿದೆ. ಜಮಾದಾರ ಮೀಸೆ ತೀಡಿಕೊಂಡ. “ನಿಮ್ಮ ಓಣಿಯಿಂದ ಕಳವಿನ ಫಿರ್ಯಾದಿ ಬಂದದ್ದು ನನಗ ನೆನಪಿಲ್ಲ. ಅಣ್ಣತಮ್ಮರ ಬಡದಾಟ ಬೇಕಾದ್ರ ಹೇಳ್ರಿ, ಭಾಳ ಅದಾವ.” ಎಲ್ಲವನ್ನೂ ಹೊತ್ತು ತಂದು ಕಾಕಾನ ಕಟ್ಟೆಯ ಮೇಲೆ ಸುರಿದೆ. ಆ ಸಂಜೆ ನಾನು ಅಷ್ಟು ಚೆನ್ನಾಗಿ ಮಾತಾಡಿದೆನೆಂದರೆ ಒಂದು ಸಲವೂ ಕೆಂಪು ನಿಶಾನಿ ಬರಲಿಲ್ಲ. ಮುದುಕಿಯ ಮಾತಿಗೆ ಕಾಕಾ ಕಣ್ಣಲ್ಲಿ ನೀರು ಬರುವಂತೆ ನಕ್ಕ.

“ಲೈನ್ ಕ್ಲಿಯರ್. ನೀ ಗೆದ್ದಿ. ಆದ್ರ ನನಗೇನ ಹೊಸಾದು ಹೇಳಿದಿ? ನನ್ನ ಹಿತ್ತಲ ಬಾಗಲಕ್ಕ ಅಗಳೀನ ಇಲ್ಲ, ಹೋಗಿ ನೋಡಿ ಬಾ.”

ನಾನು ದಂಗಾದೆ. “ನಿನಗೂ ಗೊತ್ತಿತ್ತು? ಹಂಗಾರ ಆ ಹಾಜರಿ ಯಾಕ ಕಾಕಾ?”

“ಕಳ್ಳ ಇಲ್ಲ, ಖರೆ. ಅಂಜಿಕಿ ಐತೆಲ್ಲೋ. ಇಲ್ಲದ ಕಳ್ಳನ್ನ ಹಿಡ್ಯಾಕ ಬರಂಗಿಲ್ಲ. ಇದ್ದ ಅಂಜಿಕಿನ ಯಾರರ ಹೊರಬೇಕು. ಅಂಜಿದ ಮಂದಿ ಏನು ಮಾಡತಾರಂತ ನೀ ನೋಡಿಲ್ಲ. ನಾ ನೋಡೀನಿ.”

“ಹೊರೂದು ದುರಗಪ್ಪನ ಯಾಕ? ನೀ ಹೊರು. ನಾ ಹೊರತೀನಿ. ಇಡೀ ಓಣಿ ಸಾಲಾಗಿ ನಿಂತು ದಿನಾ ಹಾಜರಿ ಕೊಡಲಿ.”

ಕಾಕಾ ಹಸಿರು ನಿಶಾನಿಯನ್ನು ಕೋಲಿಗೆ ನಿಧಾನವಾಗಿ ಸುತ್ತಿದ. ಅಭ್ಯಾಸಬಲದಿಂದ ಒಮ್ಮೆ ಹಿಂದಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

“ಅವಗ ರೂಢಿ ಐತೋ ತಮ್ಮಾ,” ಅಂದ.

ನನಗೆ ಗೊತ್ತಿದ್ದ ಅತ್ಯಂತ ಕರುಣಾಳು ಮನುಷ್ಯ ಹೇಳಿದ ಮಾತು ಅದು. ಕೆಂಪು ನಿಶಾನಿ ಪಕ್ಕದಲ್ಲೇ ಬಿದ್ದಿತ್ತು.

ಮರುವರ್ಷ ಗಂಗವ್ವನನ್ನು ನೋಡಲು ಲಕ್ಷ್ಮೇಶ್ವರದಿಂದ ಬೀಗರು ಬಂದರು. ಅದೇ ಕುಲದವರು. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ ಇಂಗ್ರೇಜಿ ಕಾಲದಲ್ಲಿ ಸಂಸ್ಥಾನಗಳ ಕೈಯಲ್ಲಿದ್ದ ಊರುಗಳು. ಅಲ್ಲಿ ಆ ಕಾಯಿದೆ ನಡೆಯದೆ ಅವರು ತಂತಿಯೊಳಗೆ ಬಂದಿರಲಿಲ್ಲ, ಹೊಲಮನೆ ಮಾಡಿಕೊಂಡಿದ್ದರು. ಗಡಿಕಲ್ಲಿನ ಈ ಕಡೆ ಹುಟ್ಟಿದ ದುರಗಪ್ಪ ಕಳ್ಳ, ಆ ಕಡೆ ಹುಟ್ಟಿದ ಅವನ ದಾಯಾದಿ ರೈತ. ಇದಕ್ಕಿಂತ ಒಳ್ಳೆಯ ವಾದ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿಲ್ಲ. ಸಂಸ್ಥಾನಗಳೂ ಈಗ ಇರಲಿಲ್ಲ. ಆದರೆ ‘ನಮ್ಮ ಮನ್ಯಾಗ ಯಾರೂ ಹಾಜರಿ ಕೊಟ್ಟವರಲ್ಲ’ ಎಂಬ ಹೆಮ್ಮೆ ಉಳಿದಿತ್ತು. ಅಂಥ ಮನೆಗೆ ಮಗಳು ಹೋದರೆ ಸೆಟ್ಲಮೆಂಟಿನ ಹೆಸರು ತನ್ನೊಂದಿಗೇ ಮುಗಿಯುತ್ತದೆ ಎಂದು ದುರಗಪ್ಪ ಜೀವ ಹಿಡಿದುಕೊಂಡು ಕಾದಿದ್ದ.

ಅವ್ವ ತನ್ನ ಇಳಕಲ್ ಸೀರೆಯನ್ನು ಗಂಗವ್ವನಿಗೆ ಉಡಲು ಮೊದಲೇ ಕೊಟ್ಟಿದ್ದಳು. ಮುಂಬಾಗಿಲ ಅಗಳಿ ತೆಗೆಯದೆ, ಅವಲಕ್ಕಿಯ ತಾಟು ಕೊಟ್ಟು ನನ್ನನ್ನೂ ಹಿತ್ತಲಿಂದ ಕಳಿಸಿದಳು. ಹಿಂದಿನ ಸಂಜೆಯೇ ಗದಗಿಗೆ ಬಂದು ಉಳಿದಿದ್ದ ಬೀಗರು ಬಿಸಿಲೇರುವ ಮೊದಲೇ ಬಂದು ಕೂತಿದ್ದರು. ವರನ ದೊಡ್ಡಪ್ಪ, ಬಿಳಿ ರುಮಾಲಿನ ಹಿರಿಯ, ಗಂಗವ್ವ ಸುತ್ತಿದ ನೂಲನ್ನು ಬೆರಳಲ್ಲಿ ಹಿಡಿದು ನೋಡಿ, “ಕೈ ಛಲೋ ಐತಿ ಹುಡಿಗೀದು” ಎಂದ. ಅವಳ ಮುಖ ಅರಳಿತು. ದುರಗಪ್ಪ ಮಾತ್ರ ಕೂತಲ್ಲಿ ಕೂಡಲಾರದೆ ಬಾಗಿಲ ಕಡೆ ನೋಡುತ್ತಿದ್ದ. ಬೀಗರನ್ನು ಬಿಟ್ಟು ಎದ್ದುಹೋಗುವುದು ಹೇಗೆಂದು ಅವತ್ತು ಅವನು ಕಟ್ಟೆಗೆ ಹೋಗಿರಲಿಲ್ಲ.

ಯಾವುದೋ ಬೆಳಕಿಂಡಿಯಿಂದ ಯಾರೋ ಕೂಗಿದರು. “ಏ ದುರಗಪ್ಪಾ! ನಿಶಾನಿ ಆಗಿಲ್ಲೋ! ಹೆಣ್ಣಮಕ್ಕಳು ನೀರಿಗೆ ಹೋಗಬೇಕು, ಕದಾ ತಗೀಬೇಕು, ಬಾ ಜಲ್ದಿ!”

“ಈಗ ಬಂದೆ ರೀ, ಕುಂಡ್ರಿ” ಎಂದು ಅವನು ಓಡಿದ. ಬೀಗರು ಹೊಸ್ತಿಲಿಗೆ ಬಂದು ನೋಡಿದರು. ಓಣಿಯ ಆ ತುದಿಯಲ್ಲಿ, ಮಗಳ ನೋಟಕ್ಕೆಂದು ಉಟ್ಟ ಹೊಸ ಧೋತರದಲ್ಲಿ, ಕೈಮುಗಿದು ನಿಂತು ದುರಗಪ್ಪ ‘ಹಾಜರ್’ ಅಂದ. ನಿಶಾನಿ ಏರಿತು. ಅಗಳಿಗಳು ಸರಿದವು.

ಅವನು ಮರಳಿ ಬಂದಾಗ ಹಿರಿಯ ಚಪ್ಪಲಿ ಮೆಟ್ಟಿಕೊಂಡಿದ್ದ. “ಏನದು?”

“ಏನಿಲ್ರಿ, ಮಂದಿ ಸಮಾಧಾನಕ್ಕ...”

“ಸರಕಾರ ಎಲ್ಲಾರಿಗೂ ಬಿಟ್ಟೈತಿ. ಬಿಟ್ಟ ಮ್ಯಾಲೂ ನೀ ಒಬ್ಬವ ಕೊಡತಿ ಅಂದ್ರ, ನೀ ಏನೋ ಮಾಡಿರಬೇಕಲ್ಲ?”

ಆ ತರ್ಕಕ್ಕೂ ಹಳಿಯಿತ್ತು. ಕಾಯಿದೆಯಿದ್ದಾಗ ಹಾಜರಿ ಇಡೀ ಕುಲದ್ದು, ಒಬ್ಬನ ತಪ್ಪಲ್ಲ. ಕಾಯಿದೆ ಹೋದ ಮೇಲೆ ಅದು ದುರಗಪ್ಪನೊಬ್ಬನದು. ಸರಕಾರ ಹುಟ್ಟಿನಿಂದ ಕಳ್ಳ ಅಂದಿತ್ತು, ನಮ್ಮ ಓಣಿ ಅವನನ್ನು ಸ್ವಂತ ಹೆಸರಿನಲ್ಲಿ ಕಳ್ಳನನ್ನಾಗಿ ಮಾಡಿತ್ತು.

ದುರಗಪ್ಪ ಕಾಕಾನ ಕಡೆ ತಿರುಗಿ ನೋಡಿದ. ಸಾಕ್ಷಿ ಹೇಳುತ್ತೇನೆಂದಿದ್ದವ ಆತನಲ್ಲವೇ? ಕಾಕಾ ಕೋಟಿನ ಬಿಳಿ ಗುಂಡಿ ಹಾಕಿಕೊಳ್ಳುತ್ತ ಓಡೋಡಿ ಬಂದ. ತುಂಬಿದ ಎದೆಯಿಂದಲೇ ಹೇಳಿದ: “ಬಂಗಾರದಂಥ ಮನಶ್ಯಾ ರೀ! ನಾ ಸಾಕ್ಷಿ ಅದೀನಿ. ಬಂದಾಗಿಂದ ಹಾಜರಿ ಒಂದ ದಿನ ತಪ್ಪಿಸಿಲ್ಲ!”

“ಬಂದಾಗಿಂದ!” ಎಂದ ಹಿರಿಯ. ಅಷ್ಟೇ. ಅವಲಕ್ಕಿ ತಾಟಿನಲ್ಲೇ ಉಳಿಯಿತು. ಅವರನ್ನು ಬಸ್ಸಿನ ತನಕ ಟಾಂಗಾದಲ್ಲಿ ಬಿಟ್ಟು ಬಂದ ಇಮಾಮಸಾಬ, “ದಾರ್ಯಾಗ ಅವರಿಗೆ, ತಮ್ಮಾ, ನಾ ಏನರ ಹೇಳಬೇಕಂತ ಮಾಡಿದ್ದೆ. ನನಗ್ಯಾರ ಸಾಕ್ಷಿ ಅಂತ ಸುಮ್ಮಾದೆ” ಎಂದ.

ಮರುದಿನ ಗಂಗವ್ವ ಸೀರೆ ಮಡಚಿ ತಂದಳು. “ಅವ್ವಾರ, ಒಗದೀನ್ರಿ. ಕಲಿ ಬಿದ್ದಿಲ್ಲ.” ಅವ್ವ ಸೆರಗು ಬಾಯಿಗಿಟ್ಟು ಅತ್ತಳು.

ಕಾಕಾನೊಳಗೆ ಆ ದಿನ ಏನೋ ಮುರಿಯಿತು. ದುರಗಪ್ಪನ ಮನೆಗೆ ತಾನೇ ಹೋಗಿ, “ನಾಳಿಂದ ಬರಬ್ಯಾಡ” ಎಂದು ಬಂದ. ಮರುಬೆಳಗ್ಗೆ ನಿಶಾನಿ ಏರಲಿಲ್ಲ. ಕದಗಳು ತೆರೆಯಲಿಲ್ಲ. ಕಾಕಾ ಓಣಿಯುದ್ದಕ್ಕೂ ನಡೆದು ಒಂದೊಂದು ಕದ ಬಡಿದ: “ಏನಾಗಂಗಿಲ್ಲ, ತಗೀರಿ, ನಾ ಹೇಳತೀನಿ!” ಒಳಗಿಂದ ಒಂದೇ ಉತ್ತರ: “ನಿಶಾನಿ ಕಟ್ಟರಿ ಕಾಕಾ, ತಗೀತೀವಿ.” ಆತನ ಮಾತಿಗಿಂತ ಆತನ ಬಟ್ಟೆಯ ತುಂಡಿಗೆ ಬೆಲೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ತುದಿಮನೆಯ ಬಾಗಿಲಿಗೆ ಕಲ್ಲು ಬಿದ್ದವು. ಯಾರು ಹೊಡೆದರೆಂದು ಯಾರೂ ಹೇಳಲಿಲ್ಲ. ಎಲ್ಲ ಕದಗಳೂ ಮುಚ್ಚಿದ್ದ ಓಣಿಯಲ್ಲಿ ಕಲ್ಲು ಬಂದದ್ದು ಎಲ್ಲಿಂದ ಎಂದು ಈ ವಾದಪಟು ಇವತ್ತಿಗೂ ಲೆಕ್ಕ ಹಾಕುತ್ತಿದ್ದಾನೆ.

ಸ್ವಲ್ಪ ಹೊತ್ತಿಗೆ ದುರಗಪ್ಪ ತಾನೇ ಕಟ್ಟೆಗೆ ಬಂದ. “ಸಾಹೇಬ್ರ, ಹಾಜರ್. ಕಟ್ಟಿಬಿಡ್ರಿ.”

ಕಾಕಾ ನಿಶಾನಿ ಬಿಚ್ಚಿದ. ಎರಡು ಸಲ ಸುತ್ತಿದರೂ ಗಂಟು ಬೀಳಲಿಲ್ಲ. ದುರಗಪ್ಪ ಅದನ್ನು ಕೈಯಿಂದ ತೆಗೆದುಕೊಂಡು ಕಂಬಕ್ಕೆ ತಾನೇ ಕಟ್ಟಿದ. ಕಡಿದ ಎಳೆ ಜೋಡಿಸುವ ನೇಕಾರನ ಗಂಟು, ಒಂದೇ ಎಳೆತಕ್ಕೆ ಬಿತ್ತು. ಅಂದಿನಿಂದ ದಿನಾ ಅವನೇ ಬಂದು, ಹಾಜರ್ ಅಂದು, ಅವನೇ ಕಟ್ಟಿ ಹೋಗುತ್ತಿದ್ದ. ಕಾಕಾ ಅವನು ಬರುವ ಹೊತ್ತಿಗೆ ಎದ್ದು ನಿಲ್ಲತೊಡಗಿದ. ‘ಲೈನ್ ಕ್ಲಿಯರ್’ ಎಂಬುದನ್ನು ಮತ್ತೆ ಆತನ ಬಾಯಲ್ಲಿ ನಾನು ಕೇಳಲಿಲ್ಲ.

ಕರ್ನಾಟಕ ಒಂದಾದ ದಿನ ಗದಗಿನಲ್ಲಿ ಮೆರವಣಿಗೆ ಹೊರಟಿತ್ತು. ಮುಂಬಯಿಯದು, ನಿಜಾಮನದು, ಸಂಸ್ಥಾನದ್ದು ಎಂಬ ಗಡಿಗಳೆಲ್ಲ ಅಳಿದವೆಂದು ಭಾಷಣಗಳಾದವು. ನಾನೂ ಒಂದು ಮಾಡಿದೆ. ಕಾಕಾ ಮೈಯಲ್ಲಿ ಹುಷಾರಿಲ್ಲದೆ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಬಾವುಟಗಳನ್ನೆಲ್ಲ ನೋಡಿ ನನ್ನ ತೋಳು ಹಿಡಿದ. “ಇಷ್ಟ ನಿಶಾನಿ ಹಿಡದಾರಲ್ಲೋ. ಇವೆಲ್ಲಾ ಯಾವ ಗಾಡಿಗೆ?”  ಜಾರಿದ ಕಂಬಳಿಯನ್ನು ನಾನು ಆತನ ಹೆಗಲಿಗೆ ಎಳೆದು ಹೊದಿಸಿದೆ. ಕೆಲವು ವಾರಗಳಲ್ಲಿ ತೀರಿಕೊಂಡ.

ದಿವಸದ ಊಟವಾದ ಮೇಲೆ ಹಿರಿಯರು ಕಾಕುವಿನ ಕೈಯಿಂದ ಹಸಿರು ನಿಶಾನಿ ಇಸಿದುಕೊಂಡು ನನ್ನ ಮುಂದೆ ಹಿಡಿದರು. “ಕಲತವ ಅದಿ, ಎದುರ ಮನಿಯವ ಅದಿ. ಇನ್ನ ಮುಂದ ಹಾಜರಿ ನೀ ತೊಗೋಬೇಕು.” ನಾನು ಎದ್ದು ನಿಂತು ಮಾತಾಡಿದೆ. ಹಿರೇಹಂದಿಗೋಳದ ಮುದುಕಿಯ ಮಾತು, ಜಮಾದಾರನ ಮಾತು, ಕಾಕಾನ ಅಗಳಿಯಿಲ್ಲದ ಹಿತ್ತಲ ಬಾಗಿಲು, ಲಕ್ಷ್ಮೇಶ್ವರದ ಗಡಿಕಲ್ಲು, ಯಾವುದನ್ನೂ ಬಿಡಲಿಲ್ಲ. ಇಲ್ಲದ ಕಳ್ಳನಿಗೆ ಅಂಜಿ ಇದ್ದ ಮನುಷ್ಯನ ಬಾಳು ಸುಟ್ಟಿದ್ದೀರಿ ಎಂದೆ. ನಿಶಾನಿಯನ್ನು ಮುಟ್ಟಲಿಲ್ಲ, ಅದು ಹಿರಿಯರ ಕೈಯಲ್ಲೇ ಉಳಿಯಿತು. ಎಲ್ಲರೂ ತಲೆದೂಗಿದರು. “ಏನ ಮಾತಾಡತಾನ್ರಿ ಹುಡುಗ! ಗಾರ್ಡ್ ಕಾಕಾ ತಯಾರ ಮಾಡಿದ ವಕೀಲ!” ಎಂದು ಬೆನ್ನು ತಟ್ಟಿದರು. ದುರಗಪ್ಪ ಪಂಕ್ತಿಯ ಆಚೆ ದೂರ ನಿಂತಿದ್ದ. ಅವನು ತಲೆದೂಗಲಿಲ್ಲ.

ಮರುಬೆಳಗ್ಗೆ ನಾನು ಎದ್ದು ಬೆಳಕಿಂಡಿಯಿಂದ ನೋಡಿದೆ. ಕಂಬ ಬೋಳಾಗಿತ್ತು. ದುರಗಪ್ಪ ಬಂದ, ಖಾಲಿ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟ, ಕೈಮುಗಿದು ‘ಹಾಜರ್’ ಅಂದ, ಸ್ವಲ್ಪ ಹೊತ್ತು ಕಾದು ಮಗ್ಗಕ್ಕೆ ಹೋದ. ಬಿಸಿಲು ಕಟ್ಟೆ ಇಳಿದು ಓಣಿಗೆ ಬಂತು. ಒಂದು ಅಗಳಿಯೂ ಸರಿಯಲಿಲ್ಲ.

ಆಮೇಲೆ ನಮ್ಮ ಬಾಗಿಲ ಹೊರಗೆ ಬಳೆಯ ಸದ್ದಾಯಿತು. “ಅವ್ವಾರ... ಮಜ್ಜಿಗಿ.”

ಅವ್ವ ಕದದ ಹಿಂದೆ ನಿಂತಿದ್ದಳು. ಒಂದು ಕೈಯಲ್ಲಿ ಮಜ್ಜಿಗೆಯ ಚರಿಗೆ, ಇನ್ನೊಂದು ಕೈ ಮೇಲಿನ ಅಗಳಿಯ ಮೇಲೆ. ಹೊರಗಿನವಳು ಮತ್ತೊಮ್ಮೆ ಕರೆದಳು. ಅವ್ವ ಅಗಳಿಯಿಂದ ಕೈ ತೆಗೆಯಲೂ ಇಲ್ಲ, ಸರಿಸಲೂ ಇಲ್ಲ. ಅಗಳಿ ನನ್ನ ಕೈಗೂ ಎಟುಕುವಷ್ಟೇ ಎತ್ತರದಲ್ಲಿತ್ತು. ನಾನು ಕೈ ಚಾಚಲಿಲ್ಲ, ಬಾಯಿ ತೆರೆದೆ.

“ಅವ್ವಾ, ಹೊರಗ ನಿಂತಾಕಿ ಗಂಗವ್ವ. ನೀನ ಹೆರಳ ಹಾಕಿದ ಗಂಗವ್ವ. ಕದಾ ತಗ್ಯಾಕ ನೀ ಯಾರ ನಿಶಾನಿ ಕಾಯಾಕತ್ತಿ?”